ಮೆತ್ತಣ್ಣ ರಜೆ ಕೇಳಿದ ಬಗೆ

ಕೋಟೆ ಮುತ್ತಿದವರ ಕಥೆಗಳನ್ನು ನೀವು ಕೇಳಿರುತ್ತೀರಿ. ಕಂದಕಕ್ಕೆ ಮಣ್ಣು ತುಂಬಿ, ಗೋಡೆಗೆ ಏಣಿ ಹಾಕಿ, ಬಾಗಿಲಿಗೆ ಆನೆ ನುಗ್ಗಿಸಿ, ತಿಂಗಳುಗಟ್ಟಲೆ ಡೇರೆ ಹೊಡೆದು ಕೂತು ಗೆದ್ದ ಮಹಾವೀರರು ಅವರು. ನಮ್ಮ ಲಾಂಡ್ರಿಯ ಮೆತ್ತಣ್ಣ ಅವರೆಲ್ಲರಿಗಿಂತ ಒಂದು ಕೈ ಮೇಲು. ಅವನು ಮುತ್ತಿಗೆ ಹಾಕುತ್ತಿದ್ದದ್ದು ಯಜಮಾನರ ಮೇಜಿಗೆ. ಆಯುಧ ಒಂದು ಲೋಟ ಬಿಸಿನೀರು. ಗೆಲ್ಲಬೇಕಾಗಿದ್ದದ್ದು ನಾಲ್ಕು ದಿನದ ರಜೆ. ಆನೆ ನುಗ್ಗಿಸಿದವರು ಕಡೇಪಕ್ಷ ಕೂಗಾಡಿಯಾದರೂ ತಮ್ಮ ಉದ್ದೇಶ ತಿಳಿಸುತ್ತಿದ್ದರು. ಮೆತ್ತಣ್ಣನ ಮುತ್ತಿಗೆಯಲ್ಲಿ ಒಂದು ಮಾತೂ ಖರ್ಚಾಗುತ್ತಿರಲಿಲ್ಲ.

ಹುಟ್ಟಿದಾಗಿನಿಂದ ಅವನು ಬಾಯಿಬಿಟ್ಟು ಯಾರನ್ನೂ ಏನನ್ನೂ ಕೇಳಿದವನಲ್ಲ. ಹಸಿವಾದರೆ ಅಳುವುದು ಕೂಸುಗಳ ಹಕ್ಕು. ಈತ ಮಾತ್ರ ತೊಟ್ಟಿಲಲ್ಲಿ ಮಲಗಿ ಅಡುಗೆಮನೆಯ ಕಡೆ ವಿನಯದಿಂದ ನೋಡುತ್ತಿದ್ದನೆಂದು ಎದುರಮ್ಮ ಹೇಳುತ್ತಾಳೆ. ಎದುರಮ್ಮ ಅವನನ್ನು ತೊಟ್ಟಿಲಲ್ಲಿ ಕಂಡವಳೇನೂ ಅಲ್ಲ. ಆದರೆ ಬೆಡ್‌ಶೀಟಿನ ಆ ತುದಿ ಹಿಡಿದು ಇಷ್ಟು ವರ್ಷ ಅವನ ಮುಖ ನೋಡಿಕೊಂಡು ನಿಂತವಳು. ಆ ಬಾಬತ್ತಿನಲ್ಲಿ ಅವಳ ಮಾತಿಗೆ ತೂಕ ಉಂಟು.

ಇವರಿಬ್ಬರ ಕೆಲಸವನ್ನು ಸ್ವಲ್ಪ ಹೇಳಬೇಕು. ನಮ್ಮದು ಆಸ್ಪತ್ರೆ, ಲಾಡ್ಜು, ಹಾಸ್ಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಬೀದಿ ಕಡೆ ಕೌಂಟರು. ಅಲ್ಲಿ ಕೂತು ಬಟ್ಟೆ ಒಳಗೆ ತೆಗೆದುಕೊಳ್ಳುವವನು ನಾನು. ನನ್ನ ಬೆನ್ನ ಹಿಂದೆ ಒಗೆಯುವ ಯಂತ್ರಗಳ ಸಾಲು, ಅದರಾಚೆ ಒಣಗಿಸುವ ಯಂತ್ರಗಳು, ಕೊನೆಗೆ ಉದ್ದನೆಯ ಹಾಲಿನಲ್ಲಿ ಮಡಚುವವರು. ಟವೆಲು, ದಿಂಬಿನ ಚೀಲ ಯಾರು ಬೇಕಾದರೂ ಒಬ್ಬರೇ ಮಡಚಬಹುದು. ಬೆಡ್‌ಶೀಟಿಗೆ ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು, ಹಿಂದಕ್ಕೆ ಸರಿದು ಬಿಗಿ ಮಾಡಿ, ಪಟ್ಟಂತ ಒಂದು ಸಲ ಒದರಿ, ಉದ್ದಕ್ಕೆ ಮಡಚಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದುಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೂಡಿಸಿದ್ದು ಗಾಡಿಗೆ ಹೋಗುತ್ತದೆ, ಇಬ್ಬರೂ ಮತ್ತೆ ಹಿಂದಕ್ಕೆ ಸರಿಯುತ್ತಾರೆ. ದಿನವಿಡೀ ಹೀಗೆ. ಗಂಡಹೆಂಡತಿಯರು ಒಂದು ವರ್ಷದಲ್ಲಿ ಎದುರುಬದುರಾಗುವಷ್ಟನ್ನು ಇವರು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ. ಹೀಗೆ ಸದಾ ಎದುರಿಗಿರುವವಳು ಎಂದೇ ಅವಳು ಎದುರಮ್ಮ. ಏನು ಹೇಳಿದರೂ ಎದುರು ಹೇಳುತ್ತಾಳೆ ಎಂಬ ಇನ್ನೊಂದು ಕಾರಣವನ್ನು ಅವಳು ಟೀಗೆ ಹೋದಾಗ ಮಾತ್ರ ಆಡಿಕೊಳ್ಳುತ್ತೇವೆ.

ಜೋಡಿಯಲ್ಲಿ ಒಬ್ಬರು ರಜೆ ಹೋದರೆ ಇನ್ನೊಬ್ಬರು ಕೈ ಚೆಲ್ಲಿ ನಿಲ್ಲಬೇಕು. ಒಣಗಿದ ಬಟ್ಟೆ ಗುಡ್ಡೆ ಬೀಳುತ್ತದೆ, ಗುಡ್ಡೆ ಬಿದ್ದದ್ದು ಸುಕ್ಕಾಗುತ್ತದೆ, ಸುಕ್ಕಾದದ್ದು ಇಸ್ತ್ರಿಯವರ ಬಾಯಿಗೆ ಕೆಲಸ ಕೊಡುತ್ತದೆ. ಆದ್ದರಿಂದ ಮಡಚುವವರು ರಜೆ ಕೇಳುವುದೆಂದರೆ ಸಣ್ಣ ಮಾತಲ್ಲ. ಬೇರೆಯವರು ಆ ದೊಡ್ಡ ಮಾತನ್ನು ಹೇಗೋ ಉಗುಳಿಬಿಡುತ್ತಿದ್ದರು. ಮೆತ್ತಣ್ಣ ಅದನ್ನು ಸಸಿ ಬೆಳೆಸಿದ ಹಾಗೆ ಬೆಳೆಸುತ್ತಿದ್ದ.

ಹಳೇ ಯಜಮಾನರ ಕಾಲದಲ್ಲಿ ಅದು ನಡೆಯುತ್ತಿದ್ದದ್ದು ಹೀಗೆ. ಒಂದು ಬೆಳಿಗ್ಗೆ ಯಜಮಾನರು ಬಂದು ಕೂರುವಷ್ಟರಲ್ಲಿ ಮೇಜಿನ ಮೇಲೆ ಒಂದು ಲೋಟ ಬಿಸಿನೀರು ಇರುತ್ತಿತ್ತು, ಮೇಲೊಂದು ತಟ್ಟೆ ಮುಚ್ಚಿ. ತಂದವನು ಕಾಣುತ್ತಿರಲಿಲ್ಲ. ಮಾರನೆಯ ದಿನವೂ ಲೋಟ, ಅದರ ಮಾರನೆಯ ದಿನವೂ. ಆಮೇಲೊಂದು ದಿನ ಬಟ್ಟೆ ಸಾಗಿಸುವ ತಳ್ಳುಗಾಡಿ ಕಿರುಗುಟ್ಟುವುದನ್ನು ನಿಲ್ಲಿಸುತ್ತಿತ್ತು. ಗಾಲಿಗೆ ಎಣ್ಣೆ ಬಿದ್ದಿರುತ್ತಿತ್ತು. ಯಜಮಾನರ ಕುರ್ಚಿ ತಾನಾಗಿಯೇ ಕಿಟಕಿಯ ಗಾಳಿಗೆ ಮುಖ ಮಾಡಿಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಹಾಲಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಇಸ್ತ್ರಿಯವರು ಕಣ್ಣು ಮಿಟುಕಿಸುತ್ತಿದ್ದರು. ಮಾಡಿನ ಮೇಲಿನ ಪಾರಿವಾಳಗಳಿಗೂ ಗೊತ್ತಿತ್ತೆಂದು ಹೇಳುವವರಿದ್ದಾರೆ. ಕೊನೆಯ ಹಂತದಲ್ಲಿ ಮೆತ್ತಣ್ಣ ಊಟವಾದ ಮೇಲೆ ಟವೆಲಿನವಳನ್ನೋ ದಿಂಬಿನವನನ್ನೋ ಕರೆದು, "ಸುಮ್ನೆ ಈ ತುದಿ ಹಿಡ್ಕೋ ಬಾ, ನೋಡೋಣ" ಎನ್ನುತ್ತಿದ್ದ. ತಾನಿಲ್ಲದಾಗ ಎದುರಮ್ಮನ ಜೊತೆ ನಿಲ್ಲಲು ಒಬ್ಬರನ್ನು ತಯಾರು ಮಾಡುವುದು ಅದು. ಅವರ ಕೈ ಪಳಗಿದ ಸಂಜೆ ಯಜಮಾನರು ಹಾಲಿಗೆ ಬಂದು, ಬೇರೆ ಕಡೆ ನೋಡುತ್ತಾ, "ಯಾವತ್ತಿಂದ?" ಅನ್ನುತ್ತಿದ್ದರು.

"ಗುರುವಾರದಿಂದ," ಅನ್ನುತ್ತಿದ್ದ ಮೆತ್ತಣ್ಣ.

ಅಷ್ಟೇ. ರಜೆ ಆಯಿತು. ಇಬ್ಬರೂ ಬೆವರು ಒರೆಸಿಕೊಳ್ಳುತ್ತಿದ್ದರು.

ಅವನ ಹೆಂಡತಿ ಒಂದು ಸಲ ಬಟ್ಟೆ ಕೊಡಲು ಬಂದವಳು ಕೌಂಟರಿನಲ್ಲಿ ಈ ಸುದ್ದಿ ಕೇಳಿ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ನನ್ನನ್ನ ಮದುವೆ ಆಗೋಕೆ ಕೇಳಿದ್ದೂ ಹೀಗೇ ಕಣಣ್ಣ. ನಮ್ಮಪ್ಪನ ಸೈಕಲ್ಲು ರಿಪೇರಿ ಮಾಡ್ಕೊಂಡು ವರ್ಷಾನುಗಟ್ಲೆ ಕಳೆದ್ರು. ಕೊನೆಗೆ ನಮ್ಮಪ್ಪನೇ ಸೋತು, ಸೈಕಲ್ಲಲ್ಲಿ ರಿಪೇರಿ ಮಾಡೋಕೆ ಇನ್ನೇನೂ ಉಳಿದಿಲ್ಲ, ಮಗಳನ್ನ ಕೊಡ್ಲಾ ಅಂತ ಕೇಳಿದ್ರು," ಅಂದಳು.

ಹೀಗೆ ಎಲ್ಲವೂ ಎಣ್ಣೆ ಹಾಕಿದ ಗಾಲಿಯಂತೆ ಉರುಳುತ್ತಿರುವಾಗ ಯಜಮಾನರ ಮಂಡಿ ಕೈಕೊಟ್ಟಿತು. ಅವರು ಮನೆಯಲ್ಲಿ ಕೂತರು, ಸೊಸೆ ಬಂದು ಕುರ್ಚಿಯಲ್ಲಿ ಕೂತರು. ಮೇಡಂ ಚುರುಕು, ನೇರ, ಒಳ್ಳೆಯ ಮನಸ್ಸಿನವರು. ಒಂದು ವಾಕ್ಯ ಮುಗಿಯುವ ಮೊದಲೇ ಅದರ ಕೆಲಸ ಮುಗಿಸುವವರು. ಇಂಥವರಿಗೂ ಮೆತ್ತಣ್ಣನಿಗೂ ಹೇಗೆ ಹೊಂದುತ್ತದೋ ಎಂದು ನಾವು ಯೋಚಿಸುವ ಮೊದಲೇ ಮೆತ್ತಣ್ಣನ ಅಕ್ಕನಿಂದ ಫೋನು ಬಂತು.

ಈ ಅಕ್ಕ ಬೇರೆ ಊರಿನಲ್ಲಿ ಒಬ್ಬಳೇ ಇರುವವಳು. ತಾಯಿ ತೀರಿಕೊಂಡಾಗ ಇವನಿನ್ನೂ ಮೊಣಕಾಲುದ್ದ. ಅಕ್ಕ ಹೊಲಿಗೆ ಯಂತ್ರ ತುಳಿದು ಇವನನ್ನು ಸಾಕಿದಳು, ಓದಿಸಿದಳು, ಮದುವೆ ಮಾಡಿಸಿದಳು. ಹುಡುಗಿಯಾಗಿದ್ದಾಗಲೇ ಜ್ವರ ಬಂದು ಅವಳ ಒಂದು ಕಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗ ಆ ಕಣ್ಣಿಗೂ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು.

ಕೌಂಟರಿನ ಫೋನಿನಲ್ಲಿ ಆದ ಮಾತುಕತೆ ನನ್ನ ಕಿವಿಗೂ ಬಿತ್ತು. ಅವಳ ಗಂಟಲು ದೊಡ್ಡದು.

"ಪುಟ್ಟ, ನಾನೇನು ಬಾ ಅಂತಿಲ್ಲ," ಅಂದಳು ಅಕ್ಕ. ಪುಟ್ಟನ ಮೀಸೆ ನರೆತು ಬಹಳ ಕಾಲವಾಗಿತ್ತು.

"ಹೂಂ," ಅಂದ ಪುಟ್ಟ.

"ಸುಮ್ನೆ ತಿಳಿಸಿದೆ ಅಷ್ಟೆ. ಮುಂದಿನ ತಿಂಗಳ ಮೊದಲನೇ ವಾರ. ಪಟ್ಟಿ ಕಟ್ಟಿದ್ದಾಗ ಏನೂ ಕಾಣಲ್ವಂತೆ. ಪಕ್ಕದ ಮನೆಯವರಿದ್ದಾರೆ. ಅವರಿಗೂ ಏನೂ ಹೇಳಿಲ್ಲ ಅನ್ನು."

"ಹೂಂ."

"ನಿಂಗೆ ಕೆಲಸ ಇರುತ್ತೆ. ನಾನು ಗೋಡೆ ಹಿಡ್ಕೊಂಡು ಓಡಾಡ್ತೀನಿ. ಗೋಡೆ ಎಲ್ಲಿದೆ ಅಂತ ಗೊತ್ತಲ್ಲ ನಂಗೆ."

ಅವರ ಮನೆತನವೇ ಹಾಗೆ. ಆ ಮನೆಯಲ್ಲಿ ಉಪ್ಪು ಬೇಕಾದರೆ ಯಾರೂ ಕೇಳುವುದಿಲ್ಲ, ಉಪ್ಪಿನ ಡಬ್ಬಿಯ ಕಡೆ ಪ್ರೀತಿಯಿಂದ ನೋಡುತ್ತಾರೆ. ಅಕ್ಕ ಅವತ್ತು ನೋಡಿದ್ದು ಡಬ್ಬಿಯ ಕಡೆ ಅಲ್ಲ ಎಂಬುದು ಮೆತ್ತಣ್ಣನಿಗೆ ಗೊತ್ತಾಯಿತು. ಫೋನು ಇಟ್ಟ ಮೇಲೆ ಅವನು ಬಹಳ ಹೊತ್ತು ಕೌಂಟರಿನ ಮೇಲಿದ್ದ ಯಾರದೋ ಕೋಟಿನ ಕಾಲರು ನೇರ ಮಾಡುತ್ತಾ ನಿಂತಿದ್ದ. "ಇರೋದು ಅದೊಂದೇ ಕಣ್ಣು," ಅಂದ. ನನಗೋ ಕೋಟಿಗೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಬಿಸಿನೀರು ಇತ್ತು.

ಮೇಡಂ ಲೋಟ ನೋಡಿದರು, ಸಂತೋಷಪಟ್ಟರು, ಯಾರು ಇಟ್ಟಿದ್ದೆಂದು ವಿಚಾರಿಸಿದರು. "ಅಷ್ಟು ಬೇಗ ಬರ್ತೀರಾ ನೀವು? ಹಾಗಾದ್ರೆ ಬೀಗದ ಕೈ ನೀವೇ ಇಟ್ಕೊಳ್ಳಿ. ಇನ್ಮೇಲೆ ಬಾಗಿಲು ತೆಗೆಯೋದು ನಿಮ್ಮ ಜವಾಬ್ದಾರಿ," ಅಂದು ಗೊಂಚಲು ಅವನ ಅಂಗೈಗೆ ಹಾಕಿದರು.

"ತುಂಬಾ ಉಪಕಾರ ಮೇಡಂ," ಅಂದ ಮೆತ್ತಣ್ಣ. ಬೀಗದ ಕೈ ಇಟ್ಟುಕೊಂಡವನಿಗೆ ರಜೆ ಎಲ್ಲಿಯದು? ಬಾಗಿಲೇ ಅವನ ಜೇಬಿಗೆ ಬಂದು ಸೇರಿತ್ತು.

ಅವನು ಧೃತಿಗೆಡಲಿಲ್ಲ. ಗಾಲಿಗಳಿಗೆ ಎಣ್ಣೆ ಹಾಕಿದ. ಮೇಡಂ ಸದ್ದಿಲ್ಲದ ಗಾಡಿಯನ್ನು ತಳ್ಳಿ ನೋಡಿ ಖುಷಿಯಾದರು. "ಇಷ್ಟು ದಿನ ಯಾರೂ ಮಾಡಿರಲಿಲ್ಲ. ಎಲ್ಲಾ ಯಂತ್ರಗಳ ಎಣ್ಣೆ-ಗ್ರೀಸು ನೀವೇ ನೋಡ್ಕೊಳ್ಳಿ." ಉಪಕಾರ ಮೇಡಂ. ಅವನು ಕುರ್ಚಿಯನ್ನು ಕಿಟಕಿಗೆ ತಿರುಗಿಸಿದ. ಮೇಡಂಗೆ ಆ ಬೆಳಕು ಹಿಡಿಸಿ, ಇಡೀ ಆಫೀಸಿನ ಮೇಜು ಕಪಾಟುಗಳನ್ನು ಅವನ ಅಭಿರುಚಿಯಂತೆ ಜರುಗಿಸಲು ಹೇಳಿದರು. ಉಪಕಾರ ಮೇಡಂ. ಅವನು ಟವೆಲಿನವಳಿಗೆ ಬೆಡ್‌ಶೀಟು ಹಿಡಿಯಲು ಕಲಿಸಿದ. ಮೇಡಂ ಬಾಗಿಲಲ್ಲಿ ನಿಂತು ನೋಡಿ ತಲೆದೂಗಿ, "ಎಲ್ರಿಗೂ ಕಲಿಸಿ. ದಿನಾ ಊಟ ಆದ್ಮೇಲೆ ಒಬ್ಬೊಬ್ಬರಿಗೂ," ಅಂದರು. ಆಗಿನಿಂದ ಇಸ್ತ್ರಿಯವರು, ಯಂತ್ರದವರು, ಕೊನೆಗೆ ಈ ಕೌಂಟರಿನವನೂ ಸರದಿ ಪ್ರಕಾರ ಅವನೆದುರು ಮೂಲೆ ಹಿಡಿದು ನಿಂತೆವು. ನಾನು ಮಡಚಿದ್ದನ್ನು ಅವನು ನೋಡಿ, ನನ್ನ ಮನಸ್ಸು ನೋಯದಿರಲೆಂದು ನಾನು ಅತ್ತ ತಿರುಗಿದ ಮೇಲೆ ಬಿಚ್ಚಿ ಮತ್ತೆ ಮಡಚಿದ.

ನೋಡಿ, ಎಂಥ ವಿಪರ್ಯಾಸ. ಅವನು ಹೋಗಲು ಒಂದೊಂದು ಮೆಟ್ಟಿಲು ಕಟ್ಟಿದ. ಮೇಡಂ ಪ್ರತಿ ಮೆಟ್ಟಿಲ ಮೇಲೂ ಒಂದು ಜವಾಬ್ದಾರಿ ತಂದು ಕೂರಿಸಿದರು. ಹಳೇ ಯಜಮಾನರು ಲೋಟದಲ್ಲಿ ಅರ್ಜಿ ನೋಡಿದರೆ ಮೇಡಂ ಲೋಟದಲ್ಲಿ ಶ್ರದ್ಧೆ ನೋಡಿದರು. ಅವರದೇನು ತಪ್ಪು? ಬಿಸಿನೀರಿನ ಮೇಲೆ ಬರೆದಿರುವುದನ್ನು ಓದಲು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

ಕೊನೆಗೆ ಬಿತ್ತು ದೊಡ್ಡ ಏಟು. ಊರಿನಲ್ಲಿ ಹೊಸದಾಗಿ ತೆರೆಯುತ್ತಿದ್ದ ದೊಡ್ಡ ಲಾಡ್ಜಿನ ಅಷ್ಟೂ ಕೋಣೆಗಳ ಬಟ್ಟೆ ನಮ್ಮಲ್ಲಿಗೆ ಬರುವುದೆಂದು ಗೊತ್ತಾಯಿತು. ಮುಂದಿನ ತಿಂಗಳ ಮೊದಲನೇ ವಾರ. ಮೇಡಂ ಎಲ್ಲರನ್ನೂ ಹಾಲಿನಲ್ಲಿ ಸೇರಿಸಿ, ಮೆತ್ತಣ್ಣನ ಹೆಗಲ ಹತ್ತಿರ ನಿಂತು ಹೇಳಿದರು: "ಆ ವಾರ ಪೂರ್ತಿ ಇವರೇ ಉಸ್ತುವಾರಿ. ನಾನು ಇವರನ್ನ ನಂಬಿದೀನಿ."

ನಾವೆಲ್ಲ ಚಪ್ಪಾಳೆ ತಟ್ಟಬೇಕಾಯಿತು. ಚಪ್ಪಾಳೆಗೆ ಅಷ್ಟು ಸಪ್ಪೆಯಾದ ಸದ್ದಿರುವುದು ನನಗೆ ಅವತ್ತೇ ತಿಳಿದದ್ದು. ಮೆತ್ತಣ್ಣ ಕೈಮುಗಿದ. ಅವನ ತುಟಿ ಉಪಕಾರ ಅಂದಿತು, ಸ್ವರ ಮಾತ್ರ ಬರಲಿಲ್ಲ.

"ಬಾಯಿ ಬಿಡು," ಅಂದಳು ಎದುರಮ್ಮ ಅವತ್ತು ಮಧ್ಯಾಹ್ನ, ಮೂಲೆಗೆ ಮೂಲೆ ಕೂಡಿಸುತ್ತಾ. "ಹೋಗಿ ಹೇಳು. ಮೇಡಂ ಏನು ಹುಲಿನಾ?"

"ಹುಲಿ ಆಗಿದ್ರೆ ಓಡಬಹುದಿತ್ತು. ಅವರು ಒಳ್ಳೆಯವರು. ನಂಬಿದೀನಿ ಅಂದ್ಬಿಟ್ರಲ್ಲ."

"ಅಕ್ಕ ಗೋಡೆ ಹಿಡ್ಕೊಂಡು ಓಡಾಡ್ತಾಳಂತಲ್ಲ, ಪಾಪ. ಓಡಾಡ್ಲಿ ಬಿಡು. ಗೋಡೆ ನಿನಗಿಂತ ವಾಸಿ, ಕರೆಯದೇ ಇದ್ರೂ ಅಲ್ಲೇ ಇರುತ್ತೆ."

ಮೆತ್ತಣ್ಣ ಹಿಂದಕ್ಕೆ ಸರಿದ. ಬೆಡ್‌ಶೀಟು ಬಿಗಿಯಾಯಿತು. ಎಂದಿಗಿಂತ ಜೋರಾಗಿ ಪಟ್ಟಂತು.

ಹೋಗಲಿಲ್ಲವೆಂದೇನಲ್ಲ. ಹೋದ. ಒಂದು ಸಲ ಬಾಗಿಲು ತಟ್ಟಿ ಒಳಗೆ ಹೋಗಿ, ಮೇಡಂ ತಲೆಯೆತ್ತಿ "ಹೇಳಿ" ಅಂದಾಗ, ಪರದೆಯ ಕೊಂಡಿ ಒಂದು ಕಳಚಿರುವುದು ಕಣ್ಣಿಗೆ ಬಿದ್ದು ಅದನ್ನು ಸರಿಮಾಡಿ ಬಂದ. ಇನ್ನೊಂದು ಸಲ ಫ್ಯಾನಿನ ಧೂಳು ಒರೆಸಿ ಬಂದ. ಮತ್ತೊಂದು ಸಲ ಏನನ್ನೂ ಮಾಡದೆ ಬಂದದ್ದು ನೋಡಿ ನಮಗೆ ಆಸೆ ಚಿಗುರಿತು. "ಹೇಳಿದ್ಯಾ?" ಅಂದಳು ಎದುರಮ್ಮ. "ಸರಿ ಮಾಡೋಕೆ ಅಲ್ಲಿ ಏನೂ ಉಳಿದಿರ್ಲಿಲ್ಲ," ಅಂದ.

ಆಗ ಎದುರಮ್ಮ ಅವನಿಗೆ ಪಾಠ ಹೇಳಲು ಶುರುಮಾಡಿದಳು. ಮಡಚುತ್ತಲೇ ಅವಳು ಮೇಡಂ ಆಗುತ್ತಿದ್ದಳು. ಗದ್ದ ಮೇಲೆತ್ತಿ, "ಹೇಳಿ, ಏನಾಗ್ಬೇಕಿತ್ತು?" ಅನ್ನುತ್ತಿದ್ದಳು. ಮೆತ್ತಣ್ಣ ಒಪ್ಪಿಸುತ್ತಿದ್ದ. ಅವಳಿಗೆ ಒಪ್ಪಿಸುವುದರಲ್ಲಿ ಅವನಿಗೆ ಕಷ್ಟವಿರಲಿಲ್ಲ. ಎದುರಮ್ಮನ ಮುಂದೆ ನಾಚಿಕೆಪಡುವ ಸ್ಥಿತಿಯನ್ನು ಅವನು ದಾಟಿ ಎಷ್ಟೋ ವರ್ಷವಾಗಿತ್ತು. ಒಂದು ಮಾತು ಮಾತ್ರ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಕೊನೇಲಿ, ಕೊಡಲ್ಲ ಅಂದ್ರೂ ಹೋಗ್ತೀನಿ ಅನ್ನು."

"ಅದು ಬೇಡ."

"ಅದೇ ಬೇಕು. ಅದಿಲ್ದೇ ಇದ್ರೆ ಮಿಕ್ಕಿದ್ದೆಲ್ಲ ಹಾಲಿಲ್ಲದ ಟೀ."

"ಅದನ್ನ ಅಂದ್ರೆ ಕೆಲಸ ಹೋಗುತ್ತೆ."

"ಅನ್ನದೇ ಇದ್ರೆ ಅಕ್ಕ ಹೋಗ್ತಾಳೆ, ಒಬ್ಬಳೇ, ಆಸ್ಪತ್ರೆಗೆ. ಯಾವುದು ಬೇಕು ಆರಿಸ್ಕೋ."

ಅವನು ಆರಿಸಿಕೊಂಡಿರಲಿಲ್ಲ. ತಿಂಗಳು ಕೊನೆಗೆ ಬಂತು. ಹೊಸ ಲಾಡ್ಜಿನ ಬಟ್ಟೆಯ ಮೊದಲ ಗಾಡಿಯೂ ಬಂತು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಆ ಮಧ್ಯಾಹ್ನ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಕೌಂಟರಿನಲ್ಲಿ ಗಿರಾಕಿ ಇರಲಿಲ್ಲ, ಇದ್ದಿದ್ದರೂ ನಾನು ಅಲ್ಲಿರುತ್ತಿರಲಿಲ್ಲ.

ಒಗೆಯುವ ಯಂತ್ರಗಳು ನೀರು ಹಿಂಡುವ ಗತಿಗೆ ಬಂದು ವಿಮಾನ ಏರುವಂತೆ ಬೊಬ್ಬಿಡುತ್ತಿದ್ದವು. ಆ ಸದ್ದಿನಲ್ಲಿ ಹಾಲಿನಲ್ಲಿ ಯಾರೂ ಮಾತಾಡುವುದಿಲ್ಲ, ಕೈಸನ್ನೆಯಲ್ಲೇ ಎಲ್ಲ. ಮೆತ್ತಣ್ಣನೂ ಎದುರಮ್ಮನೂ ಲಾಡ್ಜಿನ ದೊಡ್ಡ ಮಂಚದ ಬೆಡ್‌ಶೀಟೊಂದನ್ನು ಹಿಡಿದಿದ್ದರು. ಮೇಡಂ ಆ ಕಡೆಯಿಂದ ಹೋಗುತ್ತಿದ್ದರು. ಮೆತ್ತಣ್ಣ ತಲೆ ಬಗ್ಗಿಸಿ ತನ್ನ ಮೂಲೆಯ ಸುಕ್ಕು ಬಿಡಿಸುತ್ತಿದ್ದ. ಎದುರಮ್ಮ ಮುಖ ಕಿವುಚಿ, ಭುಜ ಹಿಡಿದುಕೊಂಡಿದೆ ಎಂದು ಸನ್ನೆ ಮಾಡಿ, ತನ್ನೆರಡು ಮೂಲೆಗಳನ್ನು ಮೇಡಂ ಕೈಗೆ ತುರುಕಿ, ಗೋಡೆಯ ಕಡೆಗೆ ಸರಿದು ಭುಜ ನೀವಿಕೊಳ್ಳತೊಡಗಿದಳು. ಭುಜ ನಿಜವಾಗಿ ಹಿಡಿದುಕೊಂಡಿತ್ತೆಂದು ಅವಳು ಇವತ್ತಿಗೂ ಆಣೆ ಇಡುತ್ತಾಳೆ. ಯಾವ ಭುಜ ಎಂದು ಕೇಳಿದರೆ ಒಂದೊಂದು ಸಲ ಒಂದೊಂದನ್ನು ತೋರಿಸುತ್ತಾಳೆ.

ಮೇಡಂ ಅದುವರೆಗೆ ಮಡಚುವವರನ್ನು ನೋಡಿದ್ದವರು, ಮಡಚಿದವರಲ್ಲ. ಹೊಸಬರೆಲ್ಲ ಮಾಡುವ ತಪ್ಪನ್ನೇ ಅವರೂ ಮಾಡಿದರು. ಪಳಗಿದವರು ಬಟ್ಟೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ಬಿಗಿಯಾಗಿ ಎಳೆಯುತ್ತಾರೆ. ಹೊಸಬರು ನೆಲಕ್ಕೆ ತಾಗೀತೆಂದು ಹೆದರಿ ಕೈಗಳನ್ನು ತಲೆಗಿಂತ ಮೇಲೆತ್ತುತ್ತಾರೆ. ಮೇಡಂ ಎತ್ತಿದರು. ಬಿಳಿ ಬೆಡ್‌ಶೀಟು ಗೋಡೆಯಂತೆ ಎದ್ದಿತು. ಇತ್ತ ಮೆತ್ತಣ್ಣ, ಅತ್ತ ಮೇಡಂ, ನಡುವೆ ಬಟ್ಟೆ. ಅಷ್ಟರಲ್ಲಿ ಯಂತ್ರಗಳು ಒಂದೊಂದಾಗಿ ನಿಂತವು. ಇಡೀ ಹಾಲ್ ಸ್ತಬ್ಧವಾಯಿತು.

ಆ ನಿಶ್ಶಬ್ದದಲ್ಲಿ ಮೆತ್ತಣ್ಣನ ಧ್ವನಿ ಕೇಳಿಸಿತು. ಗಟ್ಟಿಯಾಗಿ, ನಿಧಾನವಾಗಿ, ಒಂದು ಕಡೆಯೂ ತಡವರಿಸದೆ.

"ಮೇಡಂ, ಒಂದು ಮಾತು ಕೇಳಬೇಕಿತ್ತು. ನಮ್ಮಕ್ಕನಿಗೆ ಕಣ್ಣಿನ ಆಪರೇಷನ್ನು. ಒಂದು ಕಣ್ಣು ಮೊದಲೇ ಇಲ್ಲ, ಇರೋ ಒಂದಕ್ಕೇ ಮಾಡ್ತಾರೆ. ಪಟ್ಟಿ ಬಿಚ್ಚೋ ತನಕ ಅವಳಿಗೆ ಏನೂ ಕಾಣಲ್ಲ. ನನ್ನನ್ನ ಸಾಕಿದವಳು ಅವಳು. ಬಾ ಅಂತ ಅವಳು ಬಾಯಿಬಿಟ್ಟು ಹೇಳೋದಿಲ್ಲ. ಅದಕ್ಕೇ ನಾನು ಹೋಗ್ಲೇಬೇಕು. ಈ ವಾರ ಕೆಲಸ ಜಾಸ್ತಿ ಅಂತ ಗೊತ್ತು. ಎಲ್ರಿಗೂ ಕಲಿಸಿದೀನಿ, ಮಾಡ್ತಾರೆ. ಒಂದು ವಾರ ರಜೆ ಕೊಡಿ."

ಗೋಡೆಗೊರಗಿದ್ದ ಎದುರಮ್ಮ ಭುಜ ನೀವುವುದನ್ನು ಮರೆತಿದ್ದಳು. ಬಟ್ಟೆಯ ಹಿಂದೆ ಮೆತ್ತಣ್ಣ ಉಸಿರೆಳೆದುಕೊಂಡದ್ದು ಕೇಳಿಸಿತು.

"ಕೊಡಲ್ಲ ಅಂದ್ರೂ ಹೋಗ್ತೀನಿ ಮೇಡಂ. ಕೊಟ್ರೆ ಸಮಾಧಾನವಾಗಿ ಹೋಗ್ತೀನಿ."

ಮೇಡಂ ಕೈ ಇಳಿಯಿತು. ಬೆಡ್‌ಶೀಟು ನೆಲಕ್ಕೆ ಬಿತ್ತು, ಒಗೆದದ್ದು ದಂಡವಾಯಿತು. ಮೆತ್ತಣ್ಣ ಮೇಡಂ ಮುಖ ನೋಡಿದ. ಅವನ ಮುಖ ನೆಲದ ಮೇಲಿನ ಬಟ್ಟೆಗಿಂತ ಬೆಳ್ಳಗಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಮಹಾಕಾರ್ಯ ಮಾಡಿದವರ ಮುಖ ಹಾಗೇ ಇರುತ್ತದೆಂದು ನಾನು ನನ್ನಷ್ಟಕ್ಕೆ ಅಂದುಕೊಂಡೆ.

"ಇದನ್ನ ನೀವು ಎಷ್ಟು ದಿನದಿಂದ ಮನಸ್ಸಲ್ಲಿಟ್ಕೊಂಡಿದೀರಿ?" ಅಂದರು ಮೇಡಂ.

ಉತ್ತರ ಕೊಟ್ಟದ್ದು ಎದುರಮ್ಮ. "ಬಿಸಿನೀರು ಇಟ್ಟ ದಿನದಿಂದ ಮೇಡಂ. ಅದು ರಜೆ ಕೇಳಿದ್ದು. ಗಾಲಿಗೆ ಎಣ್ಣೆ ಹಾಕಿದ್ದೂ ರಜೆ ಕೇಳಿದ್ದೇ. ಕುರ್ಚಿ ತಿರುಗಿಸಿದ್ದೂ. ದೊಡ್ಡ ಯಜಮಾನ್ರಿಗೆ ಇದೆಲ್ಲ ಅರ್ಥವಾಗ್ತಿತ್ತು."

ಮೇಡಂ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು: ಬೀಗದ ಕೈ, ಗ್ರೀಸು, ಕಪಾಟು, ಪಾಠ, ಉಸ್ತುವಾರಿ. "ಅಯ್ಯೋ ದೇವರೇ, ನೀವು ರಜೆ ಕೇಳಿದಾಗೆಲ್ಲ ನಾನು ಕೆಲಸ ಕೊಟ್ಟಿದೀನಿ," ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಆಮೇಲೆ ಕೈ ಚಾಚಿದರು. "ಬೀಗದ ಕೈ ಕೊಡಿ. ಬಾಗಿಲು ನಾನು ತೆಗೀತೀನಿ. ಒಂದು ವಾರ ಅಲ್ಲ, ಅವರಿಗೆ ಸರಿಯಾಗಿ ಕಾಣೋವರೆಗೂ ಇದ್ದು ಬನ್ನಿ. ನಾಳೆ ಹೊರಡಿ. ಬೇಡ, ಇವತ್ತೇ ಹೊರಡಿ."

ಮೆತ್ತಣ್ಣ ಹೊರಟ. ಹೊರಡುವ ಮೊದಲು ನೆಲದ ಮೇಲಿನ ಬೆಡ್‌ಶೀಟನ್ನು ಎತ್ತಿ ಒಗೆಯುವ ರಾಶಿಗೆ ಹಾಕಿದ. ಬಸ್ಸಿಗೆ ಹೊತ್ತಾಯಿತೆಂದು ಎದುರಮ್ಮ ಅವನನ್ನು ಬಾಗಿಲಿನ ತನಕ ನೂಕಿಕೊಂಡು ಹೋದಳು.

ಆಮೇಲಿನದು ಅವನು ಬಾಯಿಬಿಟ್ಟು ಹೇಳಿದ್ದಲ್ಲ, ನಾವು ದಿನಾ ಒಂದಿಷ್ಟು ಕೆದಕಿ ತೆಗೆದದ್ದು. ಅಕ್ಕನ ಮನೆ ಬಾಗಿಲು ತಟ್ಟಿದಾಗ ಅವಳು, "ಯಾಕೆ ಬಂದೆ? ಕೆಲಸ ಬಿಟ್ಟು ಬರೋ ಅಂಥದ್ದು ಇಲ್ಲೇನಿತ್ತು?" ಎಂದು ಗದರಿದಳಂತೆ. ಗದರುತ್ತಲೇ ಅವನ ತೋಳು ಹಿಡಿದುಕೊಂಡಳಂತೆ. ಬಾ ಎನ್ನದವಳು, ಬಂದವನ ತೋಳನ್ನು ಮತ್ತೆ ಬಿಡಲಿಲ್ಲ. ಆಟೋದಲ್ಲಿ ಬಿಡಲಿಲ್ಲ, ಆಸ್ಪತ್ರೆಯ ಮೆಟ್ಟಿಲಲ್ಲಿ ಬಿಡಲಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸು ಬಂದು ಬಿಡಿಸಬೇಕಾಯಿತು. ಒಳಗೆ ಹೋಗುವಾಗ ಅವಳು ಒಂದೇ ಮಾತು ಹೇಳಿದಳಂತೆ: "ನೀನು ಬರದಿದ್ರೆ ನಾನೂ ಬರ್ತಿರ್ಲಿಲ್ಲ ಕಣೋ. ಮನೇಲೇ ಕೂತು, ಆಪರೇಷನ್ ಆಯ್ತು ಅಂತ ಫೋನ್ ಮಾಡ್ತಿದ್ದೆ."

ಇದನ್ನು ಹೇಳುವಾಗ ಮೆತ್ತಣ್ಣ ಮಡಚುವುದನ್ನು ನಿಲ್ಲಿಸಿದ. ಎದುರಮ್ಮ ಅವನ ಕೈಯ ಮೂಲೆಗಳನ್ನೂ ತಾನೇ ತೆಗೆದುಕೊಂಡು ಬಟ್ಟೆ ಗಾಡಿಗೆ ಹಾಕಿದಳು.

ಪಟ್ಟಿ ಬಿಚ್ಚಿದ ದಿನ ಅಕ್ಕ ಕಣ್ಣು ತೆರೆದು ಕಿಟಕಿ ನೋಡಿದಳು, ಡಾಕ್ಟರ ಕೋಟು ನೋಡಿದಳು, ಆಮೇಲೆ ತಮ್ಮನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಪೊರೆ ನಿಧಾನವಾಗಿ ಬಂದದ್ದು. ಎಷ್ಟೋ ವರ್ಷಗಳಿಂದ ಅವಳು ಅವನನ್ನು ಮಂಜಿನಲ್ಲೇ ನೋಡಿಕೊಂಡು ಬಂದಿದ್ದಳು.

"ಪುಟ್ಟ, ನಿನ್ನ ತಲೆ ಯಾವಾಗಪ್ಪ ಹೀಗೆ ಬೆಳ್ಳಗಾಯ್ತು?" ಅಂದಳು. ಕೂತಲ್ಲಿಂದಲೇ ಕೈ ನೀಡಿ ಅವನ ಅಂಗಿಯ ಸಡಿಲವಾಗಿದ್ದ ಗುಂಡಿಯನ್ನು ಹಿಡಿದು ನೋಡಿ, ಸೂಜಿ ದಾರ ಕೇಳಿದಳು. ಡಾಕ್ಟರು ಇನ್ನೂ ಕೆಲವು ದಿನ ಸೂಜಿ ಮುಟ್ಟಬಾರದು ಅಂದರು. ಅವಳ ಬಾಯಿಂದ ಯಾರನ್ನೋ ಏನನ್ನೋ ಕೇಳಿದ ಮಾತು ಬಂದದ್ದನ್ನು ಮೆತ್ತಣ್ಣ ತನ್ನ ಜೀವಮಾನದಲ್ಲಿ ಅವತ್ತೇ ಕೇಳಿದ್ದು.

ಇತ್ತ ಲಾಂಡ್ರಿ ಮುಳುಗಲಿಲ್ಲ. ಊಟವಾದ ಮೇಲೆ ಒಬ್ಬೊಬ್ಬರನ್ನಾಗಿ ಅವನು ಪಳಗಿಸಿದ್ದ ಕೈಗಳು ಆ ವಾರ ಎದುರಮ್ಮನ ಎದುರು ಸಾಲುಗಟ್ಟಿದವು. ಇಸ್ತ್ರಿಯವರು ಬಂದರು, ಟವೆಲಿನವಳು ಬಂದಳು, ಕೌಂಟರು ಮುಚ್ಚಿದ ಮೇಲೆ ನಾನೂ ಹೋಗಿ ಹಿಡಿದೆ. ನಾನು ಮಡಚಿದ್ದನ್ನು ಬಿಚ್ಚುವವರಿಲ್ಲದ್ದರಿಂದ ಯಾವುದೋ ಕೋಣೆಯ ಮಂಚದ ಮೇಲೆ ಅದು ಹಾಗೇ ಹೋಗಿ ಬಿದ್ದಿತು; ಮಲಗಿದವರು ಕ್ಷಮಿಸಲಿ. ಮೇಡಂ ದಿನಾ ಬಂದು ಮೂಲೆ ಹಿಡಿದರು, ಕೈ ಮೇಲೆತ್ತಿ ಎದುರಮ್ಮನಿಂದ ಬೈಸಿಕೊಂಡರು. ಲಾಡ್ಜಿನವರು ಒಂದು ಮಾತು ಅನ್ನದೆ ಬಟ್ಟೆ ಒಯ್ದರು. ಹಾಲಿನಲ್ಲಿ ಎಲ್ಲರಿಗೂ ಎಲ್ಲರ ಕೆಲಸ ಬರುತ್ತಿತ್ತು. ಅಂದರೆ ಇನ್ನು ಮುಂದೆ ನಮ್ಮಲ್ಲಿ ಯಾರು ಬೇಕಾದರೂ ರಜೆ ಹೋಗಬಹುದಿತ್ತು. ಬೇರೆಯವರಿಗೆ ಹೊರೆಯಾಗುವುದೆಂದು ಮುಖ ಸಣ್ಣಗೆ ಮಾಡಿಕೊಳ್ಳಬೇಕಾಗಿರಲಿಲ್ಲ. ಇದನ್ನು ನಮಗೆ ಮಾಡಿಕೊಟ್ಟವನು ತನಗೊಂದು ರಜೆ ಬೇಕೆನ್ನಲು ಬಾಯಿಲ್ಲದವನು ಎಂಬುದನ್ನು ನೆನೆದು ನಾವೆಲ್ಲ ಒಳಗೊಳಗೇ ಅವನಿಗೆ ಋಣಿಗಳಾದೆವು.

ಅವನು ಮರಳಿ ಬಂದ ದಿನ ಟೀ ಹೊತ್ತಿಗೆ ಮೇಡಂ ಹಾಲಿಗೆ ಬಂದರು. ಅಕ್ಕನ ಕಣ್ಣು ವಿಚಾರಿಸಿದರು. ಆಮೇಲೆ ಎಲ್ಲರ ಕಡೆ ತಿರುಗಿದರು.

"ಅವತ್ತು ಇವರು ಕೇಳಿದ ರೀತಿ ನನ್ನ ತಲೆಯಿಂದ ಹೋಗಿಲ್ಲ. ಎಷ್ಟೋ ಕಡೆ ಕೆಲಸ ಮಾಡಿದೀನಿ, ಎಷ್ಟೋ ಜನ ರಜೆ ಕೇಳಿದ್ದು ನೋಡಿದೀನಿ. ಮುಖಕ್ಕೆ ಮುಖ ಕೊಟ್ಟು ಕೇಳಿದ್ರೆ, ಇಲ್ಲ ಅನ್ನೋದು ಕೊಡೋರಿಗೂ ಕಷ್ಟ. ಇವರು ಏನು ಮಾಡಿದ್ರು? ನಮ್ಮಿಬ್ಬರ ಮಧ್ಯೆ ಒಂದು ಬಟ್ಟೆ ಬರೋವರೆಗೂ ಕಾದ್ರು. ನಾನು ಬೇಡ ಅನ್ನೋದಿದ್ರೆ ನನಗೆ ಸಂಕೋಚ ಆಗಬಾರದು ಅಂತ. ಅಷ್ಟು ಕಷ್ಟದಲ್ಲಿದ್ರೂ ನನ್ನ ಮರ್ಯಾದೆ ಕಾಪಾಡೋ ಯೋಚನೆ ಮಾಡಿದ್ರು. ಅದಕ್ಕೆ ಎಂಥ ಧೈರ್ಯ ಬೇಕು, ಎಂಥ ಸೂಕ್ಷ್ಮ ಬೇಕು. ನಾನು ಇವರಿಂದ ಕಲಿತೆ."

ಹಾಲಿನಲ್ಲಿ ಯಾರೋ ಮೂಗು ಸೀಟಿಕೊಂಡರು. ಈ ಕಥೆಯನ್ನು ಕೌಂಟರಿಗೆ ಬಂದವರಿಗೆಲ್ಲ ಹೇಗೆ ಹೇಳಬೇಕೆಂದು ನಾನಾಗಲೇ ಲೆಕ್ಕ ಹಾಕುತ್ತಿದ್ದೆ. ಎಲ್ಲರೂ ಮೆತ್ತಣ್ಣನ ಕಡೆ ನೋಡಿದೆವು. ಅವನು ಟೀ ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡ.

"ಹಾಗಲ್ಲ ಮೇಡಂ," ಅಂದ. "ನೀವು ಬೆಡ್‌ಶೀಟು ತುಂಬಾ ಮೇಲೆ ಹಿಡಿದಿದ್ರಿ. ಆ ಕಡೆ ಎದುರಮ್ಮನೇ ಇದ್ದಾಳೆ ಅಂದ್ಕೊಂಡೆ."